ಬಾಗಿಲ ಮೇಲೆ ಉಳಿದ ‘ಬಾ’

ಶ್ರೀಮದ್ ಅಟ್ಟೂರು ಸಮಸ್ತ ಹಾರ್ನ್ ಸ್ಪೀಕರ್ ಮಂಡಲಾಧೀಶ್ವರ, ಗಣೇಶನ ಪೆಂಡಾಲು ಗರ್ಜನಾ ಕೇಸರಿ, ಆಂಪ್ಲಿಫೈಯರ್ ಕುಲತಿಲಕ, ಕರೆಂಟು ಹೋದರೂ ಧೃತಿಗೆಡದ ಜನರೇಟರ್ ಧುರಂಧರ, ಮೈಕ್‌ಸೆಟ್ ಗಿರಿಯಣ್ಣನವರ ದಿವ್ಯ ಪಾದಗಳಿಗೆ ಪಕ್ಕದ ಮನೆಯ ಮಂಜನು ಎರಡೂ ಕಿವಿ ಹಿಡಿದುಕೊಂಡು ಮಾಡುವ ಬಿನ್ನಹ.

ನೀವಿದ್ದಿದ್ದರೆ ಇಷ್ಟರಲ್ಲೇ ಕಾಗದ ಕಿತ್ತುಕೊಂಡು ವಿಷಯಕ್ಕೆ ಬಾರೋ ಅನ್ನುತ್ತಿದ್ದಿರಿ. ಬರುತ್ತೇನೆ. ಬರಲು ಹೆದರಿಕೆ, ಅದಕ್ಕೇ ಇಷ್ಟು ಬಿರುದುಗಳನ್ನು ಅಡ್ಡ ಇಟ್ಟುಕೊಂಡಿದ್ದೇನೆ.

ಯಶವಂತಪುರದ ಗುಜರಿ ಗಾಡಿಯಿಂದ ನೀವು ಆ ಕ್ಯಾಸೆಟ್ ತಂದ ಭಾನುವಾರ ನೆನಪಿದೆಯಾ? ನಾನಾಗ ಪಿಯುಸಿ ಮುಗಿಸಿದ್ದೆ. ಊರೆಲ್ಲ ಪೆನ್‌ಡ್ರೈವ್ ಹಿಡಿದು ಓಡಾಡುತ್ತಿದ್ದ ಕಾಲ. ಕವರಿನ ಮೇಲೆ ಹಿಮದ ಬೆಟ್ಟ, ಕತ್ತಿ ಹಿಡಿದ ಸತ್ತ ರಾಜ, ಅವನ ಕೈಗೆ ಆರು ಬೆರಳು. ಹೆವಿ ಮೆಟಲ್ ಅನ್ನುವ ಅಬ್ಬರದ ಸಂಗೀತ ಇನ್ನೂ ಎಳೆಯದಾಗಿದ್ದಾಗ ಯಾವುದೋ ದೇಶದ ಸಣ್ಣ ಊರಿನ ಮೂವರು ಸೇರಿ, ಹದಿನೈದು ಹದಿನೈದು ನಿಮಿಷದ ಯುದ್ಧದ ಹಾಡು ಹಾಡಿದ್ದರು. ಡ್ರಮ್ಮು ತಗಡಿನ ಡಬ್ಬದ ಹಾಗೆ, ಗಿಟಾರು ಬಾವಿಯೊಳಗಿಂದ ಬಂದ ಹಾಗೆ. ನಾನು ನಕ್ಕೆ. ನೀವು ನಗಲಿಲ್ಲ.

“ಇವ್ರತ್ರ ಸೈನ್ಯ ಇಲ್ಲ ಮಗಾ, ಬರೀ ಎಕೋ ಐತೆ. ಆದ್ರೂ ಯುದ್ಧಕ್ಕೆ ಹೊರಟವ್ರೆ ನೋಡು.”

ಎಕೋವನ್ನು ಬಾಡಿಗೆಗೆ ಕೊಡುವವರಿಗಲ್ಲದೆ ಇನ್ಯಾರಿಗೆ ಅದು ಗೊತ್ತಾಗಬೇಕು?

ಆಮೇಲಿನ ಭಾನುವಾರಗಳು. ಸಂಜಯನಗರದಿಂದ, ಆರ್.ಟಿ. ನಗರದಿಂದ ಕಪ್ಪು ಟೀ ಶರ್ಟಿನ ಹುಡುಗರು ಮಧ್ಯಾಹ್ನ ಮೂರಕ್ಕೆ ಸರಿಯಾಗಿ ನಿಮ್ಮ ಶೆಡ್ಡಿಗೆ ಬರತೊಡಗಿದರು. ಅವರ ಫೋನುಗಳಲ್ಲಿ ಇದಕ್ಕಿಂತ ಚೊಕ್ಕ ಹಾಡುಗಳು ಬೇಕಾದಷ್ಟಿದ್ದವು. ಆದರೂ ಈ ಕೆಟ್ಟ ರೆಕಾರ್ಡಿಂಗೇ ಬೇಕಿತ್ತು. ಚಪ್ಪಲಿ ಹೊರಗೆ, ಮಾತು ಹೊರಗೆ. ಒಳಗೆ ಸಾಲಾಗಿ ಜೋಡಿಸಿದ ಹಾರ್ನುಗಳು ಬಾಯಿ ತೆರೆದು ನಮ್ಮನ್ನೇ ನೋಡುತ್ತಿದ್ದವು. ಮೂರನೇ ಹಾಡಿನ ಕೊನೆಗೆ ವಾದ್ಯವೆಲ್ಲ ನಿಂತು, ಬರೀ ಗಾಳಿ ಬೀಸಿ, ದೂರದಿಂದ ಒಬ್ಬ ಕೂಗುತ್ತಾನಲ್ಲ… ಅಟ್ಟೂರೋ… ಅಟ್ಟೂರೋ… ಎರಡೇ ಸಲ. ಮೊದಲ ಸಲ ಕೇಳಿದಾಗ ನಿಮ್ಮ ತೋಳಿನ ರೋಮ ಎದ್ದು ನಿಂತದ್ದನ್ನು ನೋಡಿದ್ದೇನೆ. ನಮ್ಮೂರ ಹೆಸರು ಇವನಿಗೆ ಹೇಳಿದವರು ಯಾರು ಅಂತ ಅವತ್ತು ಹತ್ತು ಸಲ ಕೇಳಿದಿರಿ.

ಹೊರಗೆ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದ ನಿಮ್ಮವ್ವ ಒಳಗೆ ಇಣುಕಿದರು. “ಮೂರ್ನೇ ಸಲ ಕೂಗೋಗಂಟ ಓ ಅನ್ಬ್ಯಾಡ್ರಲಾ. ಮನುಸ್ರಾದ್ರೆ ಮೂರ್ ಸಲ ಕೂಗ್ತಾರೆ.” ಸಂಜೆ ಶೆಡ್ಡಿನ ತಗಡಿನ ಬಾಗಿಲ ಮೇಲೆ ಸುಣ್ಣದ ಕಡ್ಡಿಯಲ್ಲಿ ‘ನಾಳೆ ಬಾ’ ಅಂತ ಬರೆದರು. ಕೂಗಿಕೊಂಡು ಬರುವ ದೆವ್ವ ಅದನ್ನು ಓದಿ ವಾಪಸು ಹೋಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ. ನಾವೆಲ್ಲ ಎಷ್ಟು ನಕ್ಕೆವು!

ಯಲಹಂಕದ ಸೈಬರ್ ಸೆಂಟರಿನಲ್ಲಿ ಒಂದು ದಿನ ಆ ಹಾಡಿನ ಸಾಹಿತ್ಯ ಸಿಕ್ಕಿತು. ಅವನು ಅಟ್ಟೂರು ಅನ್ನುವುದಿಲ್ಲ ಗಿರಿಯಣ್ಣ. ‘ಅಟ್ ಯುವರ್ ಡೋರ್’. ನಿನ್ನ ಬಾಗಿಲಲ್ಲಿದ್ದೇನೆ. ಹಾಗೆ ಹೇಳುವುದು ಸಾವು. ಸವೆದ ಟೇಪು ನಡುವಿನದನ್ನು ಕಲಸಿ, ಕೊನೆಯದನ್ನು ನುಂಗಿ ನಮ್ಮೂರು ಮಾಡಿತ್ತು. ನನಗೆ ನಗು ಬರಬೇಕಿತ್ತು. ಆದರೆ ಅವನು ಬಾಗಿಲಲ್ಲಿದ್ದೇನೆ ಅಂದರೆ, ಇಂಗ್ಲಿಷಿನ ಒಂದಕ್ಷರ ಬಾರದ ನಿಮ್ಮವ್ವ ನಾಳೆ ಬಾ ಅಂತ ಉತ್ತರ ಬರೆದುಬಿಟ್ಟಿದ್ದರಲ್ಲ… ದುಡ್ಡು ಕೊಟ್ಟು ಎದ್ದು ಬಂದೆ. ನಿಮಗೆ ಹೇಳಲಿಲ್ಲ. ತಣಿಸಂದ್ರದ ಮದುವೆ ಮನೆಯವರಿಗೂ ನಮ್ಮೂರ ಹಾಡು ಅಂತ ಹೇಳಿಕೊಂಡು ಬಂದಿದ್ದ ನಿಮಗೆ ಹೇಗೆ ಹೇಳಲಿ?

ಈಗ ವಿಷಯ. ಗೌರಿ ಹಬ್ಬದ ಹಿಂದಿನ ಭಾನುವಾರ ಹುಡುಗರನ್ನು ಹೆದರಿಸೋಣ ಅಂತ ಹೆಬ್ಬೆರಳಿಗೆ ಎಂಜಲು ಹಚ್ಚಿ ಬಾಗಿಲ ಮೇಲಿನ ‘ನಾಳೆ’ ಅಳಿಸಿದೆ. ‘ಬಾ’ ಉಳಿಸಿದೆ. ಯಾರೂ ಗಮನಿಸಲಿಲ್ಲ. ವಾಪಸು ಬರೆಯುವುದು ನನಗೂ ಮರೆಯಿತು.

ಬುಧವಾರ ಮಧ್ಯಾಹ್ನ, ಪೆಂಡಾಲಿಗೆ ಹೋಗಬೇಕಿದ್ದ ಹಾರ್ನು ಪರೀಕ್ಷಿಸಲು ನೀವು ಅದೇ ಹಾಡು ಹಾಕಿದಿರಿ. ಬೀದಿಗೆಲ್ಲ ಕೇಳಿಸಿತು. ಎರಡು ಕೂಗು. ಆಮೇಲೆ ಗಾಳಿ. ಆಮೇಲೆ ನೀವು ಒಳಗಿಂದ “ಓ, ಬಂದೆ” ಅಂದಿರಂತೆ, ಮೈಕು ಬಾಡಿಗೆಗೆ ಕೇಳಲು ಬಂದವರಿಗೆ ಅನ್ನುವ ಹಾಗೆ, ಮಾಮೂಲಿ ದನಿಯಲ್ಲಿ. ಜಗಲಿಯಲ್ಲಿದ್ದ ನಿಮ್ಮವ್ವ ಸುತ್ತ ನೋಡಿದರು. ಯಾರೂ ಇರಲಿಲ್ಲ. ನಾವು ಓಡಿ ಬರುವಷ್ಟರಲ್ಲಿ ಟೇಪು ಮುಗಿದಿತ್ತು, ನೀವೂ… ಡಾಕ್ಟರು ಹಾರ್ಟು ಅಂದರು. ಇರಬಹುದು. ಟೇಪಿನಲ್ಲಿರುವುದು ಎರಡೇ ಕೂಗು, ನೀವು ಓಗೊಟ್ಟ ಹಾಗೆ ಮೂರನೇ ಸಲ ಕೂಗಿದವರು ಯಾರು ಗಿರಿಯಣ್ಣ?

ನಿಮ್ಮನ್ನು ಹೊರಗೆ ತರುವಾಗ ನಿಮ್ಮವ್ವ ಬಾಗಿಲು ನೋಡಿದರು. “ನಾಳೆ ಎಲ್ಲೋಯ್ತಲಾ?” ಅಂದರು. ಮಳೆಗೆ ಅಳಿಸಿತೇನೋ ಅಂದೆ. ಆ ವಾರ ಮಳೆಯೇ ಬಂದಿರಲಿಲ್ಲ.

ಮೂರು ವರ್ಷವಾಯಿತು. ಪ್ರತಿ ಭಾನುವಾರ ನಾನೇ ‘ನಾಳೆ’ ಬರೆಯುತ್ತೇನೆ. ಮುಂದಿನ ಭಾನುವಾರದ ಹೊತ್ತಿಗೆ ‘ಬಾ’ ಒಂದೇ ಚೆನ್ನಾಗಿ ಕಾಣುತ್ತಿರುತ್ತದೆ. ಹುಡುಗರು ಈಗಲೂ ಬರುತ್ತಾರೆ. ಡ್ರಮ್ಮು ಈಗ ನನಗೂ ಡಬ್ಬದ ಹಾಗೆ ಕೇಳಿಸುವುದಿಲ್ಲ.

ಇನ್ನು ನಿಮಗೆ ಗೊತ್ತಿಲ್ಲದ ಸುದ್ದಿ. ಆ ಗಾಯಕ ಬದುಕಿದ್ದಾನೆ. ಮುದುಕನಾಗಿದ್ದಾನೆ, ಎಲ್ಲೋ ಸಮುದ್ರದ ಪಕ್ಕ ದೋಣಿ ರಿಪೇರಿ ಮಾಡುತ್ತಾನೆ. ಆ ಕೂಗು ಏನು ಅಂತ ಬರೆದು ಕೇಳಿದ್ದೆ, ಅವನ ಉತ್ತರ ಬಂದಿದೆ. ಸಾಹಿತ್ಯ ಅಂತ ಸಿಗುವುದೆಲ್ಲ ಕೇಳಿದವರು ಊಹಿಸಿ ಬರೆದುಕೊಂಡದ್ದಂತೆ. ಅಲ್ಲಿ ಬಾಗಿಲೂ ಇಲ್ಲ, ಸಾವೂ ಇಲ್ಲ. ಅದು ಅವನು ಕನಸಿನಲ್ಲಿ ಕೇಳಿದ ಒಂದು ಊರಿನ ಹೆಸರಂತೆ. ಅಂಥ ಊರು ನಿಜಕ್ಕೂ ಇದೆಯಾ ಅಂತ ಕೇಳಿದ್ದಾನೆ! ನೀವು ಹೇಳಿದ್ದೇ ಸರಿ. ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ ಅಂದಮೇಲೆ, ನನ್ನ ಹೆಬ್ಬೆರಳು ಯಾರನ್ನೂ ಒಳಗೆ ಕರೆಯಲಿಲ್ಲ. ಅಲ್ವಾ? ನಿಮ್ಮವ್ವನಿಗೆ ಓದಿ ಹೇಳಿದೆ. “ಅಂಗಾರೆ ಸರಿ” ಅಂದು ಸೊಪ್ಪು ಬಿಡಿಸಲು ಕೂತರು.

ಒಂದು ಸಣ್ಣ ವಿಷಯ. ಆ ಉತ್ತರ ಬರೆದವನು ನಾನೇ. ನಿಜವಾಗಿ ಅವನನ್ನು ಕೇಳುವ ಧೈರ್ಯ ಇನ್ನೂ ಬಂದಿಲ್ಲ, ಅಣ್ಣ. ನಾಳೆ ಕೇಳುತ್ತೇನೆ.