ಒಳಕ್ಕೆ ಬೆಳೆದ ಗೋಡೆ

ಇಲೊಮಂತ್ಸಿ, ಫಿನ್‌ಲ್ಯಾಂಡ್
೯ ನವೆಂಬರ್ ೧೯೭೪

ಪ್ರೀತಿಯ ತೌನೋ,

ಹೇಗಿದ್ದೀಯಪ್ಪ? ನಿನ್ನಣ್ಣ ಆರ್ಮಾಸ್ ಹೋದನೆಂಬ ತಂತಿಯ ಬೆನ್ನಿಗೇ ಕಾಗದ ಬರೆಯಬೇಕಿತ್ತು. ತಡವಾಯಿತು, ಕ್ಷಮಿಸು. ಬಿರುಗಾಳಿಗೆ ಹಡಗು ನಿಂತು ನೀನು ಸ್ವೀಡನ್ನಿನಿಂದ ಮಣ್ಣಿಗೆ ಬರಲಾಗಲಿಲ್ಲವೆಂದು ಎಲ್ಲರಿಗೂ ಹೇಳಿದ್ದೇನೆ.

ಆಲೂಗಡ್ಡೆ ನೆಲಮಾಳಿಗೆ ಸೇರಿದೆ. ಹಸು ಗಬ್ಬವಾಗಿದೆ. ಆರ್ಮಾಸ್ ಇದ್ದಿದ್ದರೆ ಹೆಣ್ಣುಗರುವೇ ಎಂದು ಪಂದ್ಯ ಕಟ್ಟುತ್ತಿದ್ದ.

ವಸಂತದಲ್ಲಿ ಅವನ ಎದೆಗೆ ವೈರು ಹಚ್ಚಿ ನೋಡಿದ ಡಾಕ್ಟರಮ್ಮ, "ರಕ್ತದೊತ್ತಡಕ್ಕೆ ಎದುರಾಗಿ ದುಡಿದೂ ದುಡಿದೂ ಹೃದಯದ ಸ್ನಾಯು ದಪ್ಪ ಆಗಿದೆ" ಎಂದರು. ಜೀವಮಾನವೆಲ್ಲ ಮರ ಕಡಿದವನಿಗೆ ಅದು ಹೊಗಳಿಕೆಯಾಗಿ ಕೇಳಿಸಿತು.

"ದುಡಿದ್ರೆ ತೋಳು ದಪ್ಪ ಆಗಲ್ವಾ ಡಾಕ್ಟ್ರೇ? ಸೋಮಾರಿಗಳ ಹೃದಯ ತೆಳ್ಳಗಿರತ್ತೆ."

"ತೋಳು ಹೊರಕ್ಕೆ ಬೆಳೆಯತ್ತೆ, ಇದು ಒಳಕ್ಕೆ. ಮನೆ ಗೋಡೆ ಒಳಕ್ಕೇ ದಪ್ಪ ಆಗ್ತಾ ಹೋದ್ರೆ ನೀವೆಲ್ಲಿ ಕೂರ್ತೀರಿ? ಮಾತ್ರೆ ನುಂಗಿ. ಉಪ್ಪುಮೀನು ಬಿಡಿ."

"ಉಪ್ಪಿಲ್ಲದ ಮೀನು ಬೆಕ್ಕಿಗೆ" ಎಂದ. ಆದರೂ ನನ್ನ ಗೊಣಗಾಟಕ್ಕೆ ಮಾತ್ರೆ ನುಂಗಿದ. ಸೌನಾದ ಬಿಸಿ ಹಬೆಯಲ್ಲಿ ಕೂತಾಗ ಮಾತ್ರ ಎದೆ ತಟ್ಟಿಕೊಂಡು, "ಇಲ್ಲೂ ಒಂದು ತೋಳಿದೆ ಕಣ್ರೋ" ಎಂದು ಗೆಳೆಯರನ್ನು ನಗಿಸುತ್ತಿದ್ದ.

ಬೇಸಿಗೆ ಕಳೆಯುತ್ತಲೇ ದಿಬ್ಬ ಹತ್ತಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಕುಳಿತೇ ನಿದ್ದೆ ಮಾಡುತ್ತಿದ್ದ. "ಡಾಕ್ಟರಮ್ಮನ ಹತ್ರ ಹೋಗೋಣ" ಎಂದರೆ, "ಮುದುಕ ಆದೆ ಕಣೇ, ಅದಕ್ಕೂ ಔಷಧಿ ಇದೆಯಾ?" ಎನ್ನುತ್ತಿದ್ದ. ಆ ಶನಿವಾರ ಸೌನಾಕ್ಕೆ ನೀರು ತರಲು ಸರೋವರಕ್ಕೆ ಹೋದವನು ಬರಲಿಲ್ಲ. ತುಂಬಿದ ಬಕೆಟ್ಟನ್ನು ಚೆಲ್ಲದಂತೆ ಇಟ್ಟು, ಪಕ್ಕದಲ್ಲೇ ಒರಗಿ ಕುಳಿತಿದ್ದ. ಕರೆದೆ. ಕೈ ಮುಟ್ಟಿದ ಮೇಲೆ ಮತ್ತೆ ಕರೆಯಲಿಲ್ಲ.

ದೇವರು ನಿನ್ನನ್ನು ಕಾಯಲಿ. ಚಳಿಗೆ ಉಣ್ಣೆಯ ಕಾಲುಚೀಲ ಹೆಣೆದು ಕಳಿಸಿದ್ದೇನೆ, ಹಾಕಿಕೋ.

ನಿನ್ನ ಅತ್ತಿಗೆ,
ಲೆಂಪಿ

ಮತ್ತೆ: ಕಾಗದ ತಡವಾದದ್ದು ಕೆಲಸದಿಂದಲ್ಲ. ನಡುಬೇಸಿಗೆಯ ಹಬ್ಬಕ್ಕೆ ನೀನು ಬಂದಿದ್ದಾಗ ನಾನು ಸೌದೆ ಹೊತ್ತು ಸೌನಾದ ಬಾಗಿಲಿಗೆ ಬಂದಿದ್ದೆ, ಒಳಗೆ ನೀವಿಬ್ಬರಿದ್ದಿರಿ. "ನಂಗೂ ಹೃದಯ ದಪ್ಪ ಅಂದಿದ್ದಾರೆ ಕಣಣ್ಣ. ಮಾತ್ರೆ ಬಿಟ್ಟು ವರ್ಷ ಆಯ್ತು, ಬಿದ್ನಾ ನಾನು? ಒಂದೇ ಮರದ ದಿಮ್ಮಿಗಳು ನಾವು" ಎಂದೆ ನೀನು. ಇಬ್ಬರೂ ನಕ್ಕಿರಿ. ಮರುದಿನದಿಂದ ಅವನು ಮಾತ್ರೆ ಮುಟ್ಟಲಿಲ್ಲ. ನಿನ್ನನ್ನು ಬೈಯದೆ ಒಂದು ಸಾಲೂ ಬರೆಯಲಾಗದ ದಿನಗಳು ಕಳೆಯಲೆಂದು ಕಾದೆ. ಪೂರ್ತಿ ಕಳೆದಿಲ್ಲ. ಆದರೆ ಇನ್ನೂ ಕಾದರೆ ನಿನಗೂ ತಡವಾದೀತು. ಒಂದೇ ಮರದವನು ನೀನು. ಇವತ್ತೇ ಮಾತ್ರೆ ನುಂಗು.