ಎರಡು ಸದ್ದಿಗೆ ಓಡಿದ ಹೆಂಗಸರು

ಮಾನ್ಯ ಜಿಲ್ಲಾ ಪೊಲೀಸ್ ಮುಖ್ಯಾಧಿಕಾರಿಗಳೇ,

ನಮ್ಮೂರ ಅಂಚೆ ಕಚೇರಿಯ ಗೋಡೆಗೆ ನೀವು ಅಂಟಿಸಿದ ಪ್ರಕಟಣೆ ಸುಳ್ಳು. ಜುಲೈ ತಿಂಗಳಲ್ಲಿ ಶತ್ರು ವಿಮಾನದ ಬಾಂಬಿಗೆ ಸತ್ತ ನಮ್ಮ ಆರು ಹೆಂಗಸರು ‘ಕುತೂಹಲದಿಂದ ನೋಡಲು ಬೀದಿಗೆ ಬಂದವರು’ ಎಂದು ಅದರಲ್ಲಿ ಬರೆಸಿದ್ದೀರಿ. ಓದಿ ಹೇಸಿಗೆಯಾಯಿತು. ಕೊಳೆತ ಮೀನಿನ ಬುಟ್ಟಿಗೆ ಕೈ ಹಾಕಿ ಬೆಳೆದವಳು ನಾನು; ಆ ನಾತ ತೊಳೆದರೆ ಹೋಗುತ್ತದೆ. ಇದು ಎರಡು ತಿಂಗಳಾದರೂ ಹೋಗಿಲ್ಲ.

ಊರ ಹೆಸರು ಬರೆಯಬಾರದೆಂದು ಈ ಪತ್ರ ಅಚ್ಚು ಹಾಕುವ ಪತ್ರಿಕೆಯ ಸಂಪಾದಕರು ಹೇಳಿದ್ದಾರೆ. ಯುದ್ಧದ ಕಾಯಿದೆಯಂತೆ. ಇರಲಿ, ‘ಪೂರ್ವ ಕರಾವಳಿಯ ಒಂದು ಹಳ್ಳಿ’ ಎಂದು ಓದಿಕೊಳ್ಳಿ. ಬಾಂಬು ಹಾಕಿದವನಿಗೆ ನಮ್ಮೂರ ದಾರಿ ಚೆನ್ನಾಗಿ ಗೊತ್ತು. ಪತ್ರಿಕೆ ಓದುವವರಿಗೆ ಮಾತ್ರ ಗೊತ್ತಾಗಬಾರದು.

ನೀವು ಒಳನಾಡಿನವರು, ಆದ್ದರಿಂದ ಹೇಳುತ್ತೇನೆ. ನಮ್ಮ ದೋಣಿಮನೆಯಿಂದ ಎರಡು ಗರ್ನಾಲು ಆಕಾಶಕ್ಕೆ ಹಾರಿ ಸಿಡಿದರೆ, ಯಾವುದೋ ಹಡಗು ಮರಳುದಿಬ್ಬಕ್ಕೆ ಸಿಕ್ಕಿದೆ, ರಕ್ಷಣಾ ದೋಣಿ ಇಳಿಯಬೇಕು ಎಂದರ್ಥ. ದೋಣಿಯೊಳಗೆ ಕೂರುವವರು ಗಂಡಸರು. ಅದನ್ನು ಹಗ್ಗ ಕಟ್ಟಿ ಮರಳ ಮೇಲೆ ಎಳೆದು ನೀರಿಗೆ ಬಿಡುವವರು ನಾವು ಹೆಂಗಸರು. ನನ್ನ ಅಜ್ಜಿಯ ಕಾಲದಿಂದಲೂ ಹೀಗೇ. ಹರೆಯದವರೆಲ್ಲ ನೌಕಾಪಡೆಗೆ ಹೋದ ಮೇಲಂತೂ ಆ ಹಗ್ಗಕ್ಕೆ ಬೇರೆ ಗತಿಯಿಲ್ಲ. ಎರಡು ಸದ್ದು ಕೇಳಿದರೆ ಒಲೆಯ ಮೇಲಿನ ಪಾತ್ರೆ ಇಳಿಸುತ್ತೇವೆ, ಮಗುವನ್ನು ಪಕ್ಕದ ಮನೆ ಮುದುಕಿಯ ಮಡಿಲಿಗೆ ಹಾಕುತ್ತೇವೆ, ಓಡುತ್ತೇವೆ. ಚರ್ಚಿನಲ್ಲಿದ್ದರೆ ಪಾದ್ರಿಗಳು ಆಮೆನ್ ಹೇಳುವವರೆಗೂ ಕಾಯುವುದಿಲ್ಲ. ದೇವರು ಅದಕ್ಕೆ ಮುನಿದಿಲ್ಲವೆಂದು ನನ್ನ ನಂಬಿಕೆ.

ಆ ಮಂಗಳವಾರ ಮಧ್ಯಾಹ್ನ ಬಲೆ ಹೆಣೆಯುವ ಶೆಡ್ಡಿನಲ್ಲಿ ಹದಿನಾಲ್ಕು ಜನ ಇದ್ದೆವು. ಮೋಡ ಕೆಳಗಿಳಿದು ಕವಿದಿತ್ತು. ವಿಮಾನದ ಗುರುಗುರು ಕೇಳಿಸಿತು. ನಮ್ಮವರ ವಿಮಾನಗಳು ದಿನಾ ಹಾರುವುದರಿಂದ ಯಾರೂ ತಲೆ ಎತ್ತಲಿಲ್ಲ. ನನ್ನ ತಮ್ಮನ ಹೆಂಡತಿ ಟೇಮರ್ ನನ್ನ ಕೆಲಸವನ್ನು ಆಡಿಕೊಳ್ಳುತ್ತಿದ್ದಳು.

“ಏನತ್ತಿಗೆ ಇದು, ಈ ತೂತಲ್ಲಿ ಮೀನಲ್ಲ, ನಮ್ಮ ಪಾದ್ರಿಗಳೇ ನುಸುಳ್ಕೊಂಡ್ ಹೋಗ್ತಾರೆ!”

“ಅವ್ರು ಹೋಗಲ್ಲ ಬಿಡೇ, ಹೊಟ್ಟೆ ಅಡ್ಡ ಬರುತ್ತೆ.”

ಎಲ್ಲರೂ ನಗುತ್ತಿದ್ದಾಗ ಕಡಲ ಕಡೆಯಿಂದ ಒಂದು ಸದ್ದು. ಉಸಿರೆಳೆದು ಬಿಡುವಷ್ಟರಲ್ಲಿ ಇನ್ನೊಂದು.

“ದೋಣಿ! ದೋಣಿ ಕಣ್ರೇ, ಏಳ್ರೇ!” ಎಂದು ಟೇಮರ್ ಎದ್ದಳು. ಎತ್ತರದ ಹೆಂಗಸು, ಹಗ್ಗದ ಮುಂತುದಿ ಅವಳದು, ಎಲ್ಲರಿಗಿಂತ ಆಳದ ನೀರಿಗೆ ಹೋಗುವ ಜಾಗ. ಮೊಣಕಾಲು ನೋವಿನ ನಾನು ಹಿಂದೆ ಬಿದ್ದೆ. ದೋಣಿಮನೆಯ ಬಾಗಿಲಲ್ಲಿ ದೋಣಿಯ ಯಜಮಾನ ಜೇಬೆಜ್ ಅಜ್ಜ ಎರಡೂ ಕೈ ಬೀಸುತ್ತಿದ್ದ. “ನಾನ್ ಹಾರಿಸಿಲ್ಲ! ನಾನ್ ಹಾರಿಸಿಲ್ರಮ್ಮಾ, ವಾಪಸ್ ಹೋಗ್ರೀ!” ನಾವು ಕೇಳಿದ ಆ ಎರಡು ಸದ್ದು ಕಡಲಿಗೆ ಬಿದ್ದ ಬಾಂಬುಗಳದ್ದು. ಮೂರನೆಯದು ದೋಣಿಮನೆಯ ಇಳಿಜಾರಿನ ಮೇಲೇ ಬಿತ್ತು. ಟೇಮರಳನ್ನು ಎತ್ತಿದಾಗ ಅವಳ ಮುಷ್ಟಿಯಲ್ಲಿ ಬಲೆ ಹೆಣೆಯುವ ಸೂಜಿ ಇತ್ತು. ಇಟ್ಟು ಬರಲು ಪುರುಸೊತ್ತಾಗಿರಲಿಲ್ಲ.

ಮರುದಿನ ನಿಮ್ಮ ಕಾನ್‌ಸ್ಟೇಬಲ್ ಪುಸ್ತಕ ಹಿಡಿದು ಬಂದ.

“ಬಾಂಬ್ ಬಿದ್ರೆ ಮನೆಯೊಳ್ಗೆ ಇರ್ಬೇಕು ಅಂತ ಗೊತ್ತಿಲ್ವೇನಮ್ಮಾ?”

“ಗೊತ್ತು ಕಣಪ್ಪಾ. ಅದು ಬಾಂಬು ಅಂತ ನಮಗ್ಯಾರು ಹೇಳಿದ್ರು?”

“ದೀಪಸ್ತಂಭದವ್ರು ಹದಿನೆಂಟು ನಿಮಿಷ ಮುಂಚೇನೆ ಫೋನ್ ಮಾಡಿದ್ರಲ್ಲ, ಶತ್ರು ವಿಮಾನ ಬರ್ತಿದೆ ಅಂತ ನಮ್ಮ ಕಚೇರಿಗೆ...” ಎಂದವನು ನಾಲಿಗೆ ಕಚ್ಚಿಕೊಂಡ.

ಹದಿನೆಂಟು ನಿಮಿಷ! ನಾನು ಅಷ್ಟರಲ್ಲಿ ಒಂದು ಹಿಡಿ ಹಿಟ್ಟು ಕಲಸಿ ರೊಟ್ಟಿಗಿಡುತ್ತೇನೆ. ನೀವು ಆ ಹದಿನೆಂಟು ನಿಮಿಷದಲ್ಲಿ ಏನು ಮಾಡಿದಿರಿ, ಸ್ವಾಮಿ?

ಎರಡು ವರ್ಷದ ಹಿಂದೆ ವಾಯುನೌಕೆಗಳು ಪಕ್ಕದ ಪಟ್ಟಣದಲ್ಲಿ ಮಲಗಿದ್ದವರ ಮೇಲೆ ಬಾಂಬು ಸುರಿಸಿದಾಗಲೇ, ಎಚ್ಚರಿಕೆಗೆ ಚರ್ಚಿನ ಗಂಟೆ ಬಾರಿಸಲು ನಮ್ಮವರು ನಿಮ್ಮ ಅಪ್ಪಣೆ ಕೇಳಿದ್ದರು. ಉತ್ತರವಾಗಿ ನಿಮ್ಮವರು ಬಂದು ಗಂಟೆಯ ಹಗ್ಗವನ್ನು ತೊಲೆಗೆ ಬಿಗಿದು ಹೋದರು. ಗಂಟೆ ಕೇಳಿ ಶತ್ರು ಊರನ್ನು ಪತ್ತೆ ಹಚ್ಚುತ್ತಾನಂತೆ. ನಾನು ಹಳ್ಳಿ ಶಾಲೆಯಲ್ಲಿ ಅಷ್ಟಿಷ್ಟು ಕಲಿತವಳು, ತಿಳಿದವರು ತಿದ್ದಿ: ಕಿವಿಯ ಪಕ್ಕದಲ್ಲೇ ಎಂಜಿನ್ನು ಗುಡುಗುವಾಗ, ಮೈಲಿ ಎತ್ತರದಲ್ಲಿ ಕೂತವನಿಗೆ ನಮ್ಮ ಬಿರುಕು ಬಿಟ್ಟ ಗಂಟೆ ಕೇಳಿಸುತ್ತದೆಯೇ? ಅಷ್ಟು ಚುರುಕು ಕಿವಿಯಿದ್ದರೆ ಭಾನುವಾರದ ಆರಾಧನೆಗೂ ಬರಲಿ. ಪಾಪಿಗಳಿಗೂ ಅಲ್ಲಿ ಜಾಗವಿದೆ.

ಅವನನ್ನು ಕ್ಷಮಿಸಬೇಕೆಂಬುದು ದೇವರ ಅಪ್ಪಣೆ. ದಿನಾ ಮೊಣಕಾಲೂರಿ ಪ್ರಯತ್ನಿಸುತ್ತೇನೆ, ಇನ್ನೂ ಆಗಿಲ್ಲ. ಬಟ್ಟೆ ಒಣಗಲು ಹಾಕಿದ ಹಿತ್ತಿಲುಗಳಿರುವ ಊರಿನ ಮೇಲೆ ಬಾಂಬು ಎಸೆದು ಹೋದವನಿಗೆ ಆ ರಾತ್ರಿ ಅನ್ನ ಹೇಗೆ ಇಳಿಯಿತೋ. ಆದರೆ ಅವನು ನಮ್ಮನ್ನು ಕಾಯುತ್ತೇನೆಂದು ಪ್ರಮಾಣ ಮಾಡಿದವನಲ್ಲ. ನೀವು ಮಾಡಿದ್ದೀರಿ.

ಟೇಮರಳ ಮಗಳು ಲೋಯಿಸ್‌ಗೆ ಹನ್ನೊಂದು ವರ್ಷ. ಈಗ ನನ್ನ ಬಳಿ ಇದ್ದಾಳೆ. ನಿಮ್ಮ ಪ್ರಕಟಣೆಯನ್ನು ಅವಳೂ ಓದಿದಳು.

“ಅತ್ತೆ, ಅಮ್ಮ ಬರೀ ನೋಡೋಕ್ ಹೋಗಿದ್ಳಾ? ಸ್ಕೂಲಲ್ಲಿ ಹಂಗಂತಾರೆ. ನೋಡೋಕ್ ಹೋಗಿ ಸತ್ಳು, ದಡ್ಡಿ ಅಂತಾರೆ.”

ಇದಕ್ಕೆ ನೀವೇ ಉತ್ತರ ಹೇಳಿ. ನಾನು ಹೇಳಿದ್ದನ್ನು ಅವಳು ನಂಬುವುದಿಲ್ಲ; ನನ್ನ ಮಾತು ಬಾಯಿಮಾತು, ನಿಮ್ಮದಕ್ಕೆ ಮೊಹರು ಇದೆ.

ಕಥೆ ಇಲ್ಲಿಗೆ ಮುಗಿದಿದ್ದರೆ ದುಃಖ ನುಂಗಿಕೊಂಡು ಸುಮ್ಮನಿರುತ್ತಿದ್ದೆನೇನೋ. ಕಳೆದ ಗುರುವಾರ ಸಂಜೆ ನಾಲ್ಕಕ್ಕೆ ಬಿರುಗಾಳಿ ಎದ್ದಿತ್ತು. ಎರಡು ಸದ್ದಾಯಿತು. ಈ ಸಲ ಹಾರಿಸಿದ್ದು ಜೇಬೆಜ್ ಅಜ್ಜನೇ. ಒಬ್ಬಳೂ ಓಡಲಿಲ್ಲ. ನಾನೂ ಓಡಲಿಲ್ಲ, ಬರೆದು ಒಪ್ಪಿಕೊಳ್ಳುತ್ತಿದ್ದೇನೆ. ಲೋಯಿಸ್ ಮೇಜಿನ ಕೆಳಗೆ ನನ್ನ ಲಂಗ ಹಿಡಿದು “ಹೋಗ್ಬೇಡತ್ತೆ, ಹೋಗ್ಬೇಡ” ಎಂದು ನಡುಗುತ್ತಿದ್ದಳು. ಅಜ್ಜ ಮನೆಮನೆಯ ಬಾಗಿಲು ಬಡಿದ. “ನಂದೇ ಕಣ್ರಮ್ಮಾ ಸದ್ದು! ಬನ್ರಮ್ಮಾ, ದೇವ್ರಾಣೆ ನಂದೇ!” ಬಾಗಿಲುಗಳು ಒಂದೊಂದಾಗಿ ತೆರೆದವು. ಉಳಿದ ನಾವು ಎಂಟು ಜನ, ಮುದುಕಿಯರನ್ನೂ ಸೇರಿಸಿಕೊಂಡು ದೋಣಿ ಇಳಿಸುವಷ್ಟರಲ್ಲಿ ಮುಕ್ಕಾಲು ಗಂಟೆ ಹೋಗಿತ್ತು. ಮರಳುದಿಬ್ಬದ ಮೇಲೆ ಒಡೆದ ಕಲ್ಲಿದ್ದಲ ಹಡಗಿನಲ್ಲಿ ಒಂಬತ್ತು ಜನ ಇದ್ದರಂತೆ. ನಾಲ್ವರನ್ನು ತಂದರು.

ಉಳಿದ ಐವರ ಬಗ್ಗೆ ಏನೆಂದು ಪ್ರಕಟಣೆ ಹೊರಡಿಸುತ್ತೀರಿ? ಈ ಸಲ ಹೆಂಗಸರಿಗೆ ಕುತೂಹಲ ಸಾಲಲಿಲ್ಲವೆಂದೇ?

ನನ್ನ ಬೇಡಿಕೆ ಸಣ್ಣದು. ಆ ಸುಳ್ಳನ್ನು ಕಿತ್ತು, ಅದೇ ಗೋಡೆಯ ಮೇಲೆ ಅದೇ ಮೊಹರಿನಡಿ ಹೀಗೆ ಬರೆಸಿ: ‘ಈ ಆರು ಜನ ಮುಳುಗುವವರನ್ನು ಉಳಿಸಲು ಓಡಿದರು.’ ಲೋಯಿಸ್ ಓದಲಿ, ಅವಳ ಶಾಲೆಯವರೂ ಓದಲಿ. ಎರಡನೆಯದನ್ನು ನಿಮ್ಮಿಂದ ಬೇಡುವುದಿಲ್ಲ, ತಿಳಿಸುತ್ತಿದ್ದೇನೆ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಾವು ಗೋಪುರ ಹತ್ತಿ ಗಂಟೆಯ ಹಗ್ಗ ಬಿಚ್ಚುತ್ತೇವೆ. ದೀಪಸ್ತಂಭದವರು ಇನ್ನು ಮೇಲೆ ಪಾದ್ರಿಗಳಿಗೂ ಫೋನು ಮಾಡಲು ಒಪ್ಪಿದ್ದಾರೆ. ಗಂಟೆಯಾದರೆ ಮನೆಯೊಳಗೆ, ಗರ್ನಾಲಾದರೆ ಕಡಲಿಗೆ. ಕಾಯಿದೆ ನಿಮ್ಮ ಕೈಯಲ್ಲಿದೆ, ಬಂಧಿಸುವುದಿದ್ದರೆ ಬನ್ನಿ. ಆದರೆ ಬರುವಾಗ ನಮ್ಮ ಜಾಗಕ್ಕೆ ನಿಮ್ಮ ಕಚೇರಿಯವರನ್ನು ಕರೆತನ್ನಿ. ದೋಣಿಗೆ ಹದಿನಾಲ್ಕು ಜನ ಬೇಕು. ಮುಂತುದಿಯವರಿಗೆ ಎದೆಮಟ್ಟ ನೀರು.

ಇಂತಿ,
‘ತಮ್ಮ ವಿಧೇಯಳು’ ಎಂದು ಬರೆಯಲು ಕೈ ಬಾರದ
ಕೆಜಾಯಾ ಥರ್ಲೋ
(ಬಲೆ ಹೆಣೆಯುವವಳು)