ಪಟ್ಟೆತಲೆ ಬಾತುಗಳು ಇಲ್ಲಿವೆ

ಕೃಷ್ಣರಾಜಪುರ
ಮಾರ್ಚ್ 1944

ನಮ್ಮ ಮನೆಯವರಿಗೆ ಆಂಜನಮ್ಮನ ನಮಸ್ಕಾರ.

ಬೆಳ್ಳಂದೂರು ಕೆರೆಗೆ ಈ ಸಲ ಪಟ್ಟೆತಲೆ ಬಾತುಗಳು ಬರಲೇ ಇಲ್ಲ ಅಂತ ಸಂಕ್ರಾಂತಿವರೆಗೂ ಪೇಚಾಡ್ತಿದ್ರಲ್ಲ, ಅವು ಇಲ್ಲಿವೆ ಕಣ್ರೀ, ನಮ್ಮೂರ ಕೆರೇಲಿ. ನಿಮ್ಮ ಕಾರ್ಖಾನೆಯವರು ನೀರಿನ ಮೇಲೆ ಇಳಿಯೋ ವಿಮಾನ ತಂದು ಅಲ್ಲಿ ಬಿಟ್ರೆ ಅವಾದ್ರೂ ಏನ್ಮಾಡ್ತವೆ? ನನ್ನ ಹಾಗೇ ನಮ್ಮಪ್ಪನ ಊರಿಗೆ ಬಂದು ಕೂತವೆ.

ಎರಡು ದಿನದಿಂದ ಅವಕ್ಕೆ ನಿಂತಲ್ಲಿ ನಿಲ್ಲೋಕಾಗ್ತಿಲ್ಲ. ಗುಂಪಾಗಿ ಏಳ್ತವೆ, ಒಂದು ಸುತ್ತು ಹಾಕ್ತವೆ, ಕೂಗ್ತಾ ಮತ್ತೆ ಅಲ್ಲೇ ಇಳೀತವೆ. ಉತ್ತರಕ್ಕೆ ಹೊರಡೋ ಮುಂಚೆ ಹೀಗೇ ಆಡ್ತವೆ ಅಂತ ಹೋದ ವರ್ಷ ನೀವೇ ತೋರಿಸಿದ್ರಿ. ನನಗೂ ಕೂತ್ರೆ ಆಗಲ್ಲ, ಮಲಗಿದ್ರೆ ಆಗಲ್ಲ. ದಿನ ತುಂಬಿದೆ ಅಂತಾಳೆ ಸೂಲಗಿತ್ತಿ ವೆಂಕಟಮ್ಮ.

ಸೀಮಂತದ ದಿನ ಅಪ್ಪ ಮೊದಲ ತಾಂಬೂಲ ನಿಮಗೆ ಕೊಡದೆ ನನ್ನ ತಂಗಿ ಗಂಡನಿಗೆ ಕೊಟ್ಟಿದ್ದು ತಪ್ಪೇ. ಅವರಾಗಿ ಬಂದು ಕರೆಯೋವರೆಗೂ ಆ ಹೊಸಿಲು ತುಳಿಯಲ್ಲ ಅಂದ್ರಿ. ಅಪ್ಪನೂ ಕರೆಯೋಕೆ ಬರೋ ಆಸಾಮಿಯಲ್ಲ. ಸರಿ, ತುಳೀಬೇಡಿ. ಕೆರೆ ಏರಿಗೆ ಬನ್ನಿ. ಹಕ್ಕಿ ನೋಡೋಕೆ ಯಾರ ತಾಂಬೂಲವೂ ಬೇಕಿಲ್ಲ. ಏರಿ ಮೇಲೆ ನಿಂತ್ರೆ ನಮ್ಮ ಹಿತ್ತಲು ಕಾಣುತ್ತೆ. ಹಿತ್ತಲಿಂದ ಏರಿನೂ ಕಾಣುತ್ತೆ.

ಬರ್ತಾ ಅತ್ತೆಯವರ ಹಳೇ ಮೆತ್ತನೆ ಸೀರೆ ಎರಡು ತನ್ನಿ, ಮಗೂನ ಸುತ್ತೋಕೆ ಬೇಕು.

ಅವು ಮೊದಲು ಹಾರ್ತವೋ, ಇದು ಮೊದಲು ಬರುತ್ತೋ ಗೊತ್ತಿಲ್ಲ. ನಿಮ್ಮ ಬಿಗುಮಾನ ಕರಗೋವರೆಗೆ ಕಾಯೋ ವ್ಯವಧಾನ ಮಾತ್ರ ಎರಡಕ್ಕೂ ಇಲ್ಲ.

ಹಿತ್ತಲಲ್ಲೇ ಇರ್ತೀನಿ.

ನಿಮ್ಮ
ಆಂಜನಮ್ಮ